ಅನ್ಯಗ್ರಹದಲ್ಲಿ ನಾಗರಿಕತೆ ಕಂಡರೆ ನೌಕೆಯವರು ಮೊದಲು ಎಂಥ ಮಾಡಬೇಕು? (ಕಾಲೇಜಿನ ಅಣಕು ಕಾರ್ಯಾಚರಣೆಗೆ)

ಅಜ್ಜರಕಾಡು_ಆಕಾಶ

ಎಲ್ಲರಿಗೂ ನಮಸ್ಕಾರ. ಉಡುಪಿಯ ಒಂದು ಕಾಲೇಜಿನ ವಿಜ್ಞಾನ ಸಂಘಕ್ಕೆ ಅಕ್ಟೋಬರಿನಲ್ಲಿ ಎರಡು ಗಂಟೆಯ ಅಣಕು ಕಾರ್ಯಾಚರಣೆ ಮಾಡಿಸ್ಲಿಕ್ಕುಂಟು. 24 ಮಕ್ಕಳು, ಮೂರು ತಂಡ: ನೌಕೆಯ ಸಿಬ್ಬಂದಿ, ಭೂಮಿಯ ನಿಯಂತ್ರಣ ಕೇಂದ್ರ, ಸರ್ಕಾರ. ಸನ್ನಿವೇಶ ಇಷ್ಟೆ: ಮನುಷ್ಯರಿರುವ ನೌಕೆ ಒಂದು ಲೋಕವನ್ನು ಸುತ್ತುತ್ತಾ ಇದೆ. ಅದರ ಕತ್ತಲ ಬದಿಯಲ್ಲಿ ಬೆಳಕು ಕಾಣ್ತದೆ, ರೇಡಿಯೋದಲ್ಲಿ 1420 ಮೆಗಾಹರ್ಟ್ಸ್ (ಆಕಾಶದ ಹೈಡ್ರೋಜನ್ ಅನಿಲದ ಆವರ್ತನ) ಹತ್ತಿರ ಒಂದು ಸಪೂರ ಗೆರೆ, ಅಂದರೆ ಒಂದೇ ಆವರ್ತನದ ಸಂಕೇತ.

ಸಿನಿಮಾದ ಹಾಗೆ ಇಳಿದು ಕೈ ಬೀಸುವುದು ಬೇಡ. ಇದಕ್ಕೆ ಬರೆದಿಟ್ಟ ನಿಯಮ ಅಂತ ಉಂಟಾ? ಉತ್ತರ ಕೊಡುವ ತೀರ್ಮಾನ ಯಾರದ್ದು? ಇಳಿಯಬಹುದಾ? ಮತ್ತೆ ರೇಡಿಯೋ ಭಾಗವನ್ನು ಬಾಯಲ್ಲಿ ಹೇಳುವ ಬದಲು ಕೈಗೆ ಸಿಗುವ ಸಾಮಾನಿನಲ್ಲಿ ನಿಜವಾಗಿ ತೋರಿಸ್ಲಿಕ್ಕೆ ಆಗ್ತದಾ? ದುಡ್ಡು ಹೆಚ್ಚಿಲ್ಲ.

ಪಣಂಬೂರು_ಆಂಟೆನಾ

ನಿಯಮ ಉಂಟು, ಆದರೆ ಕಾನೂನಿನ ಬಲ ಇಲ್ಲ. ಅಂತರರಾಷ್ಟ್ರೀಯ ಅಂತರಿಕ್ಷಯಾನ ಅಕಾಡೆಮಿ 1989ರಲ್ಲಿ ಒಂದು ಘೋಷಣೆ ಹೊರಡಿಸಿತು, 2010ರಲ್ಲಿ ಅದನ್ನು ತಿದ್ದಿ ಚಿಕ್ಕದು ಮಾಡಿದರು. ಅದರ ಪ್ರಕಾರ ಕಂಡವರು ಮೊದಲು ಖಾತ್ರಿ ಮಾಡಿಕೊಳ್ಳಬೇಕು, ಅದೂ ಬೇರೆ ಜಾಗದ, ಬೇರೆ ಉಪಕರಣದ, ಬೇರೆ ಜನರ ಕೈಯಲ್ಲಿ. ಖಾತ್ರಿಯಾದ ಮೇಲೆ ಮುಚ್ಚಿಡುವ ಹಾಗಿಲ್ಲ, ದಾಖಲೆಯನ್ನು ಅಳಿಸುವ ಹಾಗಿಲ್ಲ. ವಿಶ್ವಸಂಸ್ಥೆಯಂಥ ಕಡೆ ಚರ್ಚೆಯಾಗದೆ ಉತ್ತರ ಕಳಿಸುವ ಹಾಗೂ ಇಲ್ಲ.

ಒಂದು ಎಚ್ಚರಿಕೆ. ಇದನ್ನು ಬರೆದದ್ದು ಭೂಮಿಯಲ್ಲಿ ಕೂತು ಆಲಿಸುವ ದೂರದರ್ಶಕದವರಿಗೆ, ಕಕ್ಷೆಯಲ್ಲಿ ಸುತ್ತುವವರಿಗಲ್ಲ. ನೌಕೆಯವರಿಗೆ ನಿಜವಾಗಿ ಅನ್ವಯ ಆಗುವುದು 1967ರ ಬಾಹ್ಯಾಕಾಶ ಒಪ್ಪಂದ. ಭಾರತವೂ ಅದರಲ್ಲಿದೆ. ಮಕ್ಕಳ ಕೈಗೆ ನಾಲ್ಕು ವಿಧಿ ಕೊಟ್ಟರೆ ಸಾಕು. 5ನೆಯದು: ಗಗನಯಾನಿಗಳ ಜೀವಕ್ಕೆ ಅಪಾಯ ಆಗಬಹುದಾದ ವಿದ್ಯಮಾನ ಕಂಡರೆ ತಕ್ಷಣ ತಿಳಿಸಬೇಕು. 6: ನೌಕೆ ಖಾಸಗಿ ಕಂಪನಿಯದ್ದಾದರೂ ಹೊಣೆ ಅದರ ದೇಶದ್ದು. 9: ಹಾನಿಕರ ಮಾಲಿನ್ಯ ಆಗಬಾರದು. 11: ಏನು ಮಾಡ್ತಿದ್ದೀರಿ, ಎಲ್ಲಿ, ಫಲಿತಾಂಶ ಏನು ಅಂತ ವಿಶ್ವಸಂಸ್ಥೆಯ ಮಹಾಕಾರ್ಯದರ್ಶಿಗೂ ಸಾರ್ವಜನಿಕರಿಗೂ ತಿಳಿಸಬೇಕು, "ಸಾಧ್ಯವಾದಷ್ಟು ಮಟ್ಟಿಗೆ". ಈ ಕೊನೆಯ ಎರಡು ಪದವೇ ಕಿಂಡಿ. ಸರ್ಕಾರದ ತಂಡ ಅದರ ಮೇಲೇ ಜಗಳ ಮಾಡಲಿ, ಅರ್ಧ ಗಂಟೆ ಆರಾಮದಲ್ಲಿ ಹೋಗ್ತದೆ.

ಖಾತ್ರಿ ಮಾಡುವ ಭಾಗವನ್ನು ಮಾತ್ರ ಅವಸರ ಮಾಡಬೇಡಿ, ಎಡವುವುದೆಲ್ಲ ಅಲ್ಲೇ. 1967ರಲ್ಲಿ ಕೇಂಬ್ರಿಜ್‌ನಲ್ಲಿ 1.337 ಸೆಕೆಂಡಿಗೊಮ್ಮೆ ಮಿಡಿಯುವ ಸಂಕೇತ ಸಿಕ್ಕಿತು. ಜೋಸೆಲಿನ್ ಬೆಲ್ ಮತ್ತು ಸಂಗಡಿಗರು ತಮಾಷೆಗೆ ಅದಕ್ಕೆ "ಪುಟ್ಟ ಹಸಿರು ಮನುಷ್ಯರು" ಅಂತ ಹೆಸರಿಟ್ಟರು. ಅದು ಗ್ರಹದಿಂದ ಬರುವುದಾದರೆ ಆ ಗ್ರಹ ತನ್ನ ಸೂರ್ಯನನ್ನು ಸುತ್ತುವ ಡಾಪ್ಲರ್ ಪಲ್ಲಟ (ಚಲನೆಯಿಂದ ಆವರ್ತನ ಏರಿಳಿಯುವುದು) ಕಾಣಬೇಕಿತ್ತು. ಕಂಡದ್ದು ನಮ್ಮ ಭೂಮಿಯ ಚಲನೆಯದ್ದು ಮಾತ್ರ. ಆಮೇಲೆ ಆಕಾಶದ ಬೇರೆ ದಿಕ್ಕಿನಲ್ಲಿ ಇನ್ನೊಂದು ಸಿಕ್ಕಿತು, ಪಲ್ಸಾರ್, ಅಂದರೆ ಗಿರಗಿರ ತಿರುಗುವ ಸತ್ತ ನಕ್ಷತ್ರ ಅಂತ ಗೊತ್ತಾಯಿತು.

ಆಸ್ಟ್ರೇಲಿಯದ ಪಾರ್ಕ್ಸ್ ರೇಡಿಯೋ ದೂರದರ್ಶಕದ ಕಥೆ ಇನ್ನೂ ಚಂದ. ವರ್ಷಗಟ್ಟಲೆ ಅಲ್ಲಿ ವಿಚಿತ್ರ ಮಿಡಿತ ಸಿಗ್ತಾ ಇತ್ತು. 2015ರಲ್ಲಿ ಕಳ್ಳ ಸಿಕ್ಕಿದ: ಮೈಕ್ರೋವೇವ್ ಒಲೆ. ಅದು ನಿಲ್ಲುವ ಮೊದಲೇ ಯಾರೋ ಬಾಗಿಲು ತೆಗೆದಾಗ 1.4 ಗಿಗಾಹರ್ಟ್ಸ್ ಹತ್ತಿರ ಒಂದು ಸಿಡಿತ ಹೊರಗೆ ಬರ್ತಿತ್ತು.

ಅದೇ ಪಾರ್ಕ್ಸ್‌ನಲ್ಲಿ 2019ರಲ್ಲಿ ಸೂರ್ಯನಿಗೆ ಅತಿ ಹತ್ತಿರದ ನಕ್ಷತ್ರ ಪ್ರಾಕ್ಸಿಮಾ ಸೆಂಟಾರಿ ಕಡೆಯಿಂದ 982.002 ಮೆಗಾಹರ್ಟ್ಸ್‌ನಲ್ಲಿ ಬಂದದ್ದಂತೂ ದೊಡ್ಡ ಪರೀಕ್ಷೆಗಳನ್ನೆಲ್ಲ ದಾಟಿತು. 2021ರಲ್ಲಿ ಪ್ರಕಟವಾದ ವಿಶ್ಲೇಷಣೆಯಲ್ಲಿ ಅದೇ ಆಕಾರದ ಗೆರೆಗಳು ಬೇರೆ ಆವರ್ತನಗಳಲ್ಲಿ ಡಜನ್‌ಗಟ್ಟಲೆ ಸಿಕ್ಕಿದವು. ಎಲ್ಲವೂ ಸಾಮಾನ್ಯ ಎಲೆಕ್ಟ್ರಾನಿಕ್ಸ್‌ನ ಗಡಿಯಾರ-ಹರಳುಗಳ (ಯಂತ್ರಕ್ಕೆ ತಾಳ ಕೊಡುವ ಹರಳು) ಲೆಕ್ಕಕ್ಕೆ ಕೂಡುತ್ತಿದ್ದವು. ಭೂಮಿಯದೇ ಗದ್ದಲ.

ಹಾಗಾಗಿ ಮಕ್ಕಳಿಗೆ ಎರಡು ಪರೀಕ್ಷೆ ಸಾಕು. ಒಂದು, ಆ ಕಡೆ–ಈ ಕಡೆ: ಗುರಿಯ ಮೇಲೆ 5 ನಿಮಿಷ, ಪಕ್ಕದ ಖಾಲಿ ಆಕಾಶಕ್ಕೆ 5 ನಿಮಿಷ, ಹೀಗೆ ಮೂರು ಸುತ್ತು, ಒಟ್ಟು 30 ನಿಮಿಷ. ಪಕ್ಕಕ್ಕೆ ತಿರುಗಿಸಿದಾಗಲೂ ಗೆರೆ ಉಳಿದರೆ ಅದು ಮನೆಯದ್ದೇ. ಎರಡು, ಜಾರುವಿಕೆ: ಭೂಮಿ ತಿರುಗುವುದರಿಂದ ಆಕಾಶದಿಂದ ಬರುವ ಸ್ಥಿರ ಸ್ವರ ನಿಧಾನ ಕೆಳಗೆ ಜಾರಬೇಕು. ಉಡುಪಿ ಇರುವ 13 ಡಿಗ್ರಿ ಅಕ್ಷಾಂಶದಲ್ಲಿ, 1420 ಮೆಗಾಹರ್ಟ್ಸ್‌ಗೆ, ಹೆಚ್ಚೆಂದರೆ ಸೆಕೆಂಡಿಗೆ ಸುಮಾರು 0.15 ಹರ್ಟ್ಸ್. ಜಾರದೆ ಗಟ್ಟಿ ಕೂತಿದ್ದರೆ ಅನುಮಾನ ಪಡಿ. ನೌಕೆಯಲ್ಲಿ ಇದೇ ಲೆಕ್ಕ ಕಕ್ಷೆಯ ವೇಗದಿಂದ ಬರ್ತದೆ, ಆಗ ಜಾರುವಿಕೆ ಬಹಳ ಜಾಸ್ತಿ.

ಕಾಪು_ದೀಪಸ್ತಂಭ

ಮೇಲಿನವರು ರೇಡಿಯೋ ಹೇಳಿದರು, ನಾನು ಬೆಳಕು ಮತ್ತು ಇಳಿಯುವ ವಿಷಯ ಹೇಳ್ತೇನೆ.

ಕತ್ತಲ ಬದಿಯ ಬೆಳಕು ಕಂಡ ಕೂಡಲೇ ಊರು ಅಂತ ತೀರ್ಮಾನಿಸಬಾರದು. ಮಲ್ಪೆ ದಡದಲ್ಲಿ ರಾತ್ರಿ ನಿಂತವರಿಗೆ ಗೊತ್ತು, ದೂರದಲ್ಲಿ ದೋಣಿಗಳ ದೀಪದ ಸಾಲು ಕಡಲಲ್ಲೇ ಒಂದು ಪೇಟೆ ಇದ್ದ ಹಾಗೆ ಕಾಣ್ತದೆ. ಕಕ್ಷೆಯಿಂದಲೂ ಮೀನುಗಾರಿಕೆಯ ದೀಪಗಳು ಊರಿಲ್ಲದ ಕಡೆ ಊರಿನ ಹಾಗೆಯೇ ಕಾಣುವುದು. ಅಲ್ಲಿ ದೀಪ ಹಚ್ಚಿದವರು ಇದ್ದಾರೆ, ಸರಿ. ಆದರೆ ಜ್ವಾಲಾಮುಖಿ, ಕಾಡ್ಗಿಚ್ಚು, ಮಿಂಚು, ಧ್ರುವಪ್ರಭೆ ಇವಕ್ಕೆ ಯಾರೂ ಬೇಡ.

ಬೇರ್ಪಡಿಸುವುದು ರೋಹಿತದಿಂದ, ಅಂದರೆ ಬೆಳಕನ್ನು ಬಣ್ಣ ಬಣ್ಣವಾಗಿ ಬಿಡಿಸಿದ ಪಟ್ಟಿಯಿಂದ. ಲಾವಾ ಕಾದ ಕಬ್ಬಿಣದ ಹಾಗೆ ಎಲ್ಲ ಬಣ್ಣದಲ್ಲೂ ಹರಡಿ ಬೆಳಗ್ತದೆ, ಅವಕೆಂಪಿನಲ್ಲಿ ಜಾಸ್ತಿ. ಮಿಂಚು ಒಂದು ಸೆಕೆಂಡಿನೊಳಗೆ ಮುಗೀತದೆ. ಧ್ರುವಪ್ರಭೆ ಕಾಂತಕ್ಷೇತ್ರದ ಧ್ರುವಗಳನ್ನು ಬಿಟ್ಟು ದೂರ ಹೋಗುವುದು ಕಡಿಮೆ. ಬೀದಿಯ ಕಡಿಮೆ ಒತ್ತಡದ ಸೋಡಿಯಂ ದೀಪವಾದರೆ 589 ನ್ಯಾನೋಮೀಟರಿನಲ್ಲಿ ಚೂಪು ಗೆರೆ. ಅವರ ದೀಪ ಸೋಡಿಯಮ್ಮೇ ಆಗಬೇಕೆಂದಿಲ್ಲ ಅನ್ನಿ, ಆದರೆ ಬಿಸಿಯಿಲ್ಲದ ಜಾಗದಲ್ಲಿ ಚೂಪು ಗೆರೆ, ಸುತ್ತು ಸುತ್ತಿಗೂ ಅದೇ ಜಾಗ, ಹಗಲಾದರೆ ಆರುವುದು, ಈ ಮೂರೂ ಒಟ್ಟಿಗೆ ಸಿಕ್ಕಿದರೆ ಆಗ ಭೂಮಿಗೆ ವರದಿ. ಕನಿಷ್ಠ ಹತ್ತು ಸುತ್ತಿನ ಚಿತ್ರ ಹೋಲಿಸಿ ಅಂತ ಮಕ್ಕಳಿಗೆ ಹೇಳಿ.

ಇನ್ನು ಇಳಿಯುವುದು. ಬೇಡ, ಅಷ್ಟೆ. ಮಂಗಳಕ್ಕೆ ಇಳಿಯುವ ಸಾಮಾನ್ಯ ಯಂತ್ರದ ಮೇಲೆಯೇ ಚದರ ಮೀಟರಿಗೆ 300, ಒಟ್ಟು 3 ಲಕ್ಷಕ್ಕಿಂತ ಹೆಚ್ಚು ಬ್ಯಾಕ್ಟೀರಿಯ ಬೀಜಾಣು ಇರಬಾರದು ಅಂತ ಮಿತಿ. 1976ರಲ್ಲಿ ಇಳಿದ ವೈಕಿಂಗ್ ನೌಕೆಗಳನ್ನು ಅದಕ್ಕಿಂತಲೂ ಶುದ್ಧ ಮಾಡ್ಲಿಕ್ಕೆ ಸುಮಾರು 112 ಡಿಗ್ರಿ ಸೆಲ್ಸಿಯಸ್‌ನಲ್ಲಿ 30 ಗಂಟೆ ಒಲೆಯಲ್ಲಿಟ್ಟರು. ಮನುಷ್ಯನನ್ನು ಹಾಗೆ ಬೇಯಿಸ್ಲಿಕ್ಕೆ ಆಗುವುದಿಲ್ಲ ಮಾರಾಯ್ರೆ. ನಮ್ಮ ಮೈ ತುಂಬ ಸೂಕ್ಷ್ಮಜೀವಿಗಳೇ, ಯಾವ ಅಂತರಿಕ್ಷ ಉಡುಪೂ ಪೂರ್ತಿ ಬಿಗಿ ಅಲ್ಲ.

ವಾಪಸ್ ಬರುವ ದಾರಿಯೂ ಸುಲಭ ಅಲ್ಲ. ಅಪೋಲೊ 11ರವರನ್ನು 21 ದಿನ ಪ್ರತ್ಯೇಕ ಇಟ್ಟರು. ಆದರೆ ಸಮುದ್ರಕ್ಕೆ ಬಿದ್ದ ಕೋಶದ ಬಾಗಿಲನ್ನು ತೆರೆದದ್ದು ಪೆಸಿಫಿಕ್‌ನ ತೆರೆದ ಗಾಳಿಗೆ! ಉಳಿದದ್ದೆಲ್ಲ ಎಷ್ಟು ಬಿಗಿಯಾಗಿದ್ದರೂ ಸೋರಿದ್ದು ಅಲ್ಲಿ. ಇದನ್ನು ಮಕ್ಕಳೇ ಕಂಡುಹಿಡಿಯಲಿ, ಮೊದಲೇ ಹೇಳಬೇಡಿ.

ಇಳಿಯದಿದ್ದರೂ ಬೀಳುವ ಅಪಾಯ ಉಂಟು. ಮಂಗಳವನ್ನು ಸುತ್ತುವ ನೌಕೆ ಮೊದಲ 20 ವರ್ಷ ಬೀಳದಿರುವ ಸಂಭವ ಶೇ. 99, 50 ವರ್ಷಕ್ಕೆ ಶೇ. 95 ಇರಬೇಕು ಅಂತ ಒಂದು ಅಳತೆಗೋಲು. ಗುರುಗ್ರಹದ ಉಪಗ್ರಹ ಯುರೋಪಾದ ಕಡಲಿಗೆ ಜೀವಾಣು ಸೇರುವ ಸಂಭವ ಹತ್ತು ಸಾವಿರಕ್ಕೆ ಒಂದಕ್ಕಿಂತ ಕಡಿಮೆ ಇರಬೇಕು. ಅದಕ್ಕೇ 2003ರಲ್ಲಿ ಇಂಧನ ಮುಗಿಯುತ್ತಾ ಬಂದ ಗೆಲಿಲಿಯೋ ನೌಕೆಯನ್ನು ಬೇಕೆಂದೇ ಗುರುಗ್ರಹದೊಳಗೆ ಕೆಡವಿದರು. ನೌಕೆಯ ತಂಡದ ಮೊದಲ ಆದೇಶ ಹೀಗಿರಲಿ: ಕಕ್ಷೆ ತಗ್ಗಿಸುವುದಿಲ್ಲ, ಹೊರಟುಹೋಗುವಷ್ಟು ಇಂಧನ ಮುಟ್ಟುವುದಿಲ್ಲ, ತ್ಯಾಜ್ಯ ನೀರು ಹೊರಗೆ ಬಿಡುವುದಿಲ್ಲ.

ಬೆಂದೂರ್‌ವೆಲ್_ತರಂಗ

ದೀಪಸ್ತಂಭದವರು ಹೇಳಿದ್ದಕ್ಕೆ ಒಂದು ಸೇರಿಸ್ಬೇಕು. ಸಿಬ್ಬಂದಿ ಬಾಯಿ ಮುಚ್ಚಿ ಕೂತರೂ ನೌಕೆ ಮಾತಾಡ್ತಾನೇ ಇರ್ತದೆ. ಎತ್ತರ ಅಳೆಯುವ ರೇಡಾರ್ ನೇರ ಕೆಳಗೆ ಬಡೀತದೆ, ನಕ್ಷೆ ಮಾಡುವ ಲೇಸರ್ ಕೂಡ. ಕೆಳಗಿನವರಿಗೆ ಅದೇ ನಮ್ಮ ಮೊದಲ ಮಾತು. ಅವೆರಡೂ ಮೊದಲು ಬಂದ್. ಭೂಮಿಗೆ ಕಳಿಸುವ ಡಿಶ್‌ನ ಕಿರಣ ಆ ಲೋಕದ ಅಂಚನ್ನು ಸವರುವ ಹೊತ್ತಲ್ಲಿ, ಅಂದರೆ ನೌಕೆ ಅದರ ಹಿಂದೆ ಮರೆಯಾಗುವ ಮೊದಲು ಮತ್ತು ಹೊರಬಂದ ಕೂಡಲೇ, ಪ್ರಸಾರ ನಿಲ್ಲಿಸಬೇಕು.

ಉತ್ತರದ ವಿಷಯ. 1974ರ ನವೆಂಬರ್ 16ರಂದು ಪೋರ್ಟೊ ರಿಕೋದ ಅರೆಸಿಬೊ ರೇಡಿಯೋ ದೂರದರ್ಶಕದಿಂದ 1679 ಬಿಟ್‌ನ ಸಂದೇಶ ಕಳಿಸಿದರು. 23 ಗುಣಿಸು 73, ಎರಡೂ ಅವಿಭಾಜ್ಯ ಸಂಖ್ಯೆ, ಜೋಡಿಸಿದರೆ ಚಿತ್ರ ಆಗ್ತದೆ. ಹೋದದ್ದು ಸುಮಾರು 25,000 ಜ್ಯೋತಿರ್ವರ್ಷ ದೂರದ ಎಂ13 ನಕ್ಷತ್ರಗುಚ್ಛಕ್ಕೆ. ಅಲ್ಲಿಂದ ಯಾರಾದರೂ ತಿರುಗಿ ಮಾತಾಡಿದರೂ ಕೇಳ್ಲಿಕ್ಕೆ ನಾವಿಲ್ಲ, ಹಾಗಾಗಿ ಆಗ ಅನುಮತಿಯ ಪ್ರಶ್ನೆ ಹೆಚ್ಚಿನವರಿಗೆ ಅಷ್ಟು ಬಿಸಿ ಮುಟ್ಟಿಸಲಿಲ್ಲ. ನಿಮ್ಮ ಸನ್ನಿವೇಶದಲ್ಲಿ ಅವರು ಕೆಲವು ನೂರು ಕಿಲೋಮೀಟರ್ ಕೆಳಗೆ. ಉತ್ತರ ಮರುಕ್ಷಣ ಬರಬಹುದು.

ಬಂದ ಸಂಕೇತವನ್ನೇ ಹಾಗೇ ವಾಪಸ್ ಕಳಿಸೋಣ, ಅದರಲ್ಲಿ ಏನೂ ಅರ್ಥ ಇಲ್ಲವಲ್ಲ ಅಂತ ಒಬ್ಬ ಹುಡುಗ ಖಂಡಿತ ಹೇಳ್ತಾನೆ. ಪ್ರತಿಧ್ವನಿಯೂ ಉತ್ತರವೇ: ಕೇಳಿಸಿತು, ಇದ್ದೇವೆ, ನಿಮ್ಮ ಆವರ್ತನಕ್ಕೆ ಹೊಂದಿಸುವ ಯಂತ್ರ ನಮ್ಮಲ್ಲುಂಟು, ಇಷ್ಟೂ ಅದರಲ್ಲಿ ಹೋಗ್ತದೆ. ಬಂದವರಿಗೆ ಬೆಲ್ಲ ನೀರು ಕೊಡುವ ಊರಿನ ಮಕ್ಕಳಿಗೆ ಸುಮ್ಮನೆ ಕೂರುವುದು ಕಷ್ಟ. ಆದರೆ ಇಲ್ಲಿ ಬಂದ ನೆಂಟರು ನಾವು. ಮನೆಯವರು ಕರೆಯುವ ತನಕ ಅಂಗಳದಲ್ಲೇ ನಿಲ್ಲುವುದು.

ಜಾಗವನ್ನು ಗುರುಗ್ರಹದ ಹತ್ತಿರ ಇಡಿ. ಅಲ್ಲಿಂದ ಭೂಮಿಗೆ ಸಂಕೇತ ಮುಟ್ಟಲು 33ರಿಂದ 53 ನಿಮಿಷ ಬೇಕು. ಆಟದಲ್ಲಿ ಅದನ್ನು 5 ನಿಮಿಷಕ್ಕೆ ಇಳಿಸಿ, ಚೀಟಿಯನ್ನು ಒಬ್ಬರು ಕೋಣೆಯಿಂದ ಕೋಣೆಗೆ ಹೊತ್ತುಕೊಂಡು ಹೋಗಲಿ. ವಾಟ್ಸಾಪ್ ಬಿಟ್ಟರೆ ಆಟ ಕೆಟ್ಟಿತು.

ಎಂಡ್‌ಪಾಯಿಂಟ್_ಆರ್‌ಎಫ್

ರೇಡಿಯೋ ಭಾಗ ಮಾಡ್ಲಿಕ್ಕೆ ಆಗ್ತದೆ. ಬೇಕಾದ್ದು: ಆರ್‌ಟಿಎಲ್ ಡಾಂಗಲ್ (ಕಂಪ್ಯೂಟರಿಗೆ ಚುಚ್ಚುವ ಸಣ್ಣ ರೇಡಿಯೋ ಗ್ರಾಹಕ), 1420ಕ್ಕೆ ಫಿಲ್ಟರ್ ಇರುವ ಕಡಿಮೆ ಗದ್ದಲದ ಆಂಪ್ಲಿಫೈಯರ್, ಒಂದು ಕಹಳೆ ಆಂಟೆನಾ, ಲ್ಯಾಪ್‌ಟಾಪ್.

ಕಹಳೆಯ ಬುಡಕ್ಕೆ ಎಲ್ಲರೂ 15 ಕೆಜಿ ಎಣ್ಣೆ ಡಬ್ಬ ತರ್ತಾರೆ. ಅದು ಬೇಡ. ಅದರ ಅಗಲ 23 ಸೆಂ.ಮೀ. ಆಸುಪಾಸು, 21 ಸೆಂ.ಮೀ. ದಾಟಿದರೆ ಈ ಆವರ್ತನದಲ್ಲಿ ಅಲೆ ಒಳಗೆ ಎರಡು ರೀತಿಯಲ್ಲಿ ಓಡಿ ಒಂದನ್ನೊಂದು ಕೆಡಿಸ್ತದೆ. 16 × 10 ಸೆಂ.ಮೀ. ತಗಡಿನ ಪೆಟ್ಟಿಗೆ ಮಾಡಿಸಿ. 10ರ ಬದಿಯ ಬಗ್ಗೆ ಚಿಂತೆ ಇಲ್ಲ, 16ರದ್ದು ತಪ್ಪಬಾರದು. 16ರ ಅಗಲದ ನಡುವಿನಲ್ಲಿ, ಹಿಂದಿನ ಗೋಡೆಯಿಂದ 7 ಸೆಂ.ಮೀ. ಮುಂದೆ, 5.2 ಸೆಂ.ಮೀ. ತಾಮ್ರದ ತಂತಿ ನಿಲ್ಲಿಸಿ. ಮುಂದಕ್ಕೆ ಕಹಳೆ ರಟ್ಟಿನಲ್ಲಿ ಮಾಡಿ ಒಳಗೆ ಅಲ್ಯುಮಿನಿಯಂ ಹಾಳೆ ಅಂಟಿಸಿದರೆ ಸಾಕು, ಬಾಯಿ 75 ಸೆಂ.ಮೀ. ಹಾಳೆ ತಗಡಿಗೆ ಸೇರುವ ಕಡೆ ವಿದ್ಯುತ್ ಸಂಪರ್ಕ ಉಂಟಾ ಅಂತ ಮೀಟರ್ ಹಿಡಿದು ನೋಡಿ, ಗೋಂದಿನ ಪದರ ಬಂದರೆ ಏನೂ ಸಿಗುವುದಿಲ್ಲ. ಆಂಪ್ಲಿಫೈಯರ್ ತಂತಿಯ ಬುಡಕ್ಕೇ, ಕೇಬಲ್ ಆಮೇಲೆ. ಇದನ್ನು ತಿರುಗಿಸಿ ಹಾಕಿದರೆ ಕೇಬಲ್‌ನ ಗದ್ದಲವೇ ಸಂಕೇತವನ್ನು ನುಂಗ್ತದೆ. ನಮ್ಮ ಊರಿನ ಉಪ್ಪು ಗಾಳಿಗೆ ಕನೆಕ್ಟರ್ ಒಂದು ಮಳೆಗಾಲದಲ್ಲಿ ಹಸಿರಾಗ್ತದೆ, ಹಾಗಾಗಿ ಸೀಲ್ ಮಾಡುವ ಟೇಪ್ ಸುತ್ತಿ.

ಅಕ್ಟೋಬರಿನ ಸಂಜೆ 8ಕ್ಕೆ ರಾಜಹಂಸ ನಕ್ಷತ್ರಪುಂಜ ಉತ್ತರಕ್ಕೆ ಚೆನ್ನಾಗಿ ಎತ್ತರದಲ್ಲಿರ್ತದೆ, ಆಕಾಶಗಂಗೆಯ ಹೈಡ್ರೋಜನ್ ಅಲ್ಲಿ ದಂಡಿಯಾಗಿ ಸಿಗ್ತದೆ. ಕೆಲವು ನಿಮಿಷದ ಸರಾಸರಿಗೆ 1420.4ರ ಸುತ್ತ ಒಂದು ಅಗಲದ ಗುಡ್ಡೆ ಏಳಬೇಕು. ಪರದೆಯ ಸರಿ ಮಧ್ಯದ ಚೂಪು ಮುಳ್ಳು ಡಾಂಗಲ್‌ದೇ ದೋಷ, ಅದು ಗುಡ್ಡೆಯ ಮೇಲೆ ಕೂರದ ಹಾಗೆ ಮಧ್ಯ ಆವರ್ತನವನ್ನು 1420.8ಕ್ಕೆ ಸರಿಸಿ.

ಈಗ "ಸಪೂರ ಗೆರೆ". 20 ಮೆಗಾಹರ್ಟ್ಸ್ ಹರಳಿನ ಆಸಿಲೇಟರ್ ಇರುವ ಯಾವುದಾದರೂ ಸಣ್ಣ ಬೋರ್ಡ್ ತಂದು ಕೋಣೆಯಲ್ಲಿ ಅಡಗಿಸಿ. ಹರಳು ತನ್ನ ಆವರ್ತನದ ಪಟ್ಟುಗಳಲ್ಲೂ ಸ್ವಲ್ಪ ಸೋರ್ತದೆ, 20ರ 71 ಪಟ್ಟು ಸರಿಯಾಗಿ 1420. ಡಾಂಗಲ್ ನೋಡುವ 2.4 ಮೆಗಾಹರ್ಟ್ಸ್ ಕಿಟಕಿಯೊಳಗೇ, ಹೈಡ್ರೋಜನ್ ಪಕ್ಕದಲ್ಲಿ ಬೀಳ್ತದೆ. ಪ್ರಾಕ್ಸಿಮಾ ಸಂಕೇತದಲ್ಲಿ ಆದದ್ದೂ ಇದೇ ಜಾತಿಯ ಮೋಸ. ಬೋರ್ಡಿಗೆ ಆಂಟೆನಾ ಮಾತ್ರ ಕಟ್ಟಬೇಡಿ. 1400ರಿಂದ 1427ರ ತನಕ ಪ್ರಸಾರವೇ ನಿಷಿದ್ಧ, ಜಗತ್ತಿನಾದ್ಯಂತ ಅದು ಕೇಳುವವರಿಗೆ ಬಿಟ್ಟ ಪಟ್ಟಿ. ಹರಳಿನ ಸೋರಿಕೆಯೇ ಎರಡು-ಮೂರು ಅಡಿಯಿಂದ ಸಾಕಾಗ್ತದೆ.

ಅಜ್ಜರಕಾಡು_ಆಕಾಶ

ತುಂಬಾ ಉಪಕಾರ ಆಯ್ತು. ಆಂಟೆನಾ ಅವರೇ, 0.15 ಹರ್ಟ್ಸ್ ಜಾರುವುದನ್ನು ಈ ಡಾಂಗಲ್‌ನಲ್ಲಿ ಅಳೀಲಿಕ್ಕೆ ಆಗ್ತದಾ?

ಪಣಂಬೂರು_ಆಂಟೆನಾ

ಇಲ್ಲ. 5 ನಿಮಿಷಕ್ಕೆ ಒಟ್ಟು 45 ಹರ್ಟ್ಸ್. ಡಾಂಗಲ್‌ನ ಸ್ವಂತ ಹರಳು ಕೋಟಿಗೆ 0.3 ಪಾಲು ಅಲುಗಿದರೂ ಅಷ್ಟೇ ಆಗ್ತದೆ, ಫ್ಯಾನ್ ಗಾಳಿ ಬಡಿದರೆ ಸಾಕು. ಜಿಪಿಎಸ್‌ಗೆ ಕಟ್ಟಿದ ಗಡಿಯಾರ ಬೇಕು. ಅಡಗಿಸಿದ ಬೋರ್ಡ್ ಬಿಸಿಲಿಗೆ ಬಿದ್ದರೂ ಗೆರೆ ಜಾರ್ತದೆ, ಮಕ್ಕಳು ಕುಣಿದಾಡ್ತಾರೆ. ಕುಣಿಯಲಿ. ಆಮೇಲೆ ಕಹಳೆಯನ್ನು ಗೋಡೆ ಕಡೆ ತಿರುಗಿಸಿ ನೋಡಿ ಅಂತ ಹೇಳಿ.

ಎಂಡ್‌ಪಾಯಿಂಟ್_ಆರ್‌ಎಫ್

ಬೋರ್ಡನ್ನು ನಿಯಂತ್ರಣ ಕೇಂದ್ರದ ತಂಡದ ಮೇಜಿನ ಅಡಿಗೆ ಅಂಟಿಸಿ. ನೌಕೆಯವರು ಎಲ್ಲ ಕಡೆ ಹುಡುಕಿದರೂ ಭೂಮಿಯವರ ಮೇಜನ್ನು ಯಾರೂ ನೋಡುವುದಿಲ್ಲ. ಬ್ಯಾಟರಿ ಹೊಸದು ಹಾಕಿ, ನಡುವೆ ನಿಂತುಹೋದರೆ "ಸಂಕೇತ ನಿಂತಿತು" ಅಂತ ಇನ್ನೊಂದು ವರದಿ ವಿಶ್ವಸಂಸ್ಥೆಗೆ ಹೋಗ್ತದೆ.