ಸಹಾಯ ಬೇಕು: ಬೆಳಕು ಮುಚ್ಚಿದರೂ ಲಾಕ್-ಇನ್‌ನಲ್ಲಿ 4 ಮಿಲಿವೋಲ್ಟ್ ಉಳಿಯುತ್ತಿದೆ

ಕಾರವಾರದಲ್ಲಿ ಕಾಳಿ ನದಿ ನೀರಿನ ಕದಡು ಅಳೆಯುವ ಲಾಕ್-ಇನ್ ಸರ್ಕ್ಯೂಟ್ ಇದು (ಎಲ್‌ಇಡಿ ಮಿನುಗುವ ವೇಗದ ಸಿಗ್ನಲ್ಲನ್ನು ಮಾತ್ರ ಆರಿಸುತ್ತದೆ). ಎಲ್‌ಇಡಿ 937 ಹರ್ಟ್ಜ್‌ನಲ್ಲಿ ಮಿನುಗುತ್ತದೆ. 1000 ಇಟ್ಟರೆ ಕರೆಂಟಿನ 50 ಹರ್ಟ್ಜ್‌ನ ಗುಣಕದ ಮೇಲೇ ಕೂರುತ್ತದೆ, ಅದರ ನಾಯ್ಸ್ ಸೇರಿಕೊಳ್ಳುತ್ತದೆ. ಬೆಳಕು ಹಿಡಿಯಲು ಬಿಪಿಡಬ್ಲ್ಯೂ34 ಫೋಟೋಡಯೋಡ್, ಅದರ ಆಂಪ್ಲಿಫೈಯರಿನ ಫೀಡ್‌ಬ್ಯಾಕಿಗೆ 10 ಮೆಗಾಓಮ್ ಮತ್ತು 10 ಪಿಕೋಫ್ಯಾರಡ್ (ಇದರಿಂದ ಫೇಸ್ ಸುಮಾರು 30 ಡಿಗ್ರಿ ಹಿಂದೆ ಬೀಳುತ್ತದೆ, ಅದನ್ನು ಸರಿಪಡಿಸಿದೆ), ಆಮೇಲೆ ಲಾಕ್-ಇನ್ ಕೆಲಸ ಮಾಡುವ ಎಡಿ630 ಚಿಪ್.

ಡಯೋಡಿಗೆ ಕಪ್ಪು ಟೇಪ್ ಸುತ್ತಿದರೂ 4 ಮಿಲಿವೋಲ್ಟ್ ಹೋಗುವುದಿಲ್ಲ. ಟೈಮ್ ಕಾನ್‌ಸ್ಟಂಟ್ (ಸರಾಸರಿ ತೆಗೆಯುವ ಅವಧಿ) 1 ಸೆಕೆಂಡಿನಿಂದ 10ಕ್ಕೆ ಏರಿಸಿದರೂ ಅಷ್ಟೇ. ಆದರೆ ಫೇಸ್ 90 ಡಿಗ್ರಿ ತಿರುಗಿಸಿದರೆ ಬದಲಾಗುತ್ತದೆ, ಎಲ್‌ಇಡಿ ವೈರನ್ನು ಬೆರಳಲ್ಲಿ ಸರಿಸಿದರೂ ಓಲಾಡುತ್ತದೆ. ಅಂದಮೇಲೆ ಇದು ನಾಯ್ಸ್ ಅಲ್ಲ, ಆಫ್‌ಸೆಟ್ಟೂ ಅಲ್ಲ. ಎಲ್‌ಇಡಿಯ ಸಿಗ್ನಲ್ಲೇ ಒಳಗೆ ನುಸುಳುತ್ತಿದೆ. ಎಷ್ಟು ಸರಾಸರಿ ತೆಗೆದರೂ ಇದು ಹೋಗದು.

ಎಲ್‌ಇಡಿಗೆ ಬೇರೆ ಬ್ಯಾಟರಿ ಕೊಡಬೇಕೋ, ಗ್ರೌಂಡ್‌ಗಳನ್ನು ಒಂದೇ ಬಿಂದುವಿಗೆ ತಂದರೆ ಸಾಕೋ? ನಮ್ಮ ಕರಾವಳಿಯ ತೇವಕ್ಕೆ ಬೋರ್ಡ್ ಮೇಲೆ ಲೀಕೇಜ್ ಆಗದಂತೆ 10 ಮೆಗಾಓಮ್ ಸುತ್ತ ಗಾರ್ಡ್ ರಿಂಗ್ ಹಾಕಿದವರು ಯಾರಾದರೂ ಇದ್ದರೆ ದಯವಿಟ್ಟು ತಿಳಿಸಿ.