ಹಸಿ ಅಡಿಕೆ ಸಿಪ್ಪೆ ಹಾಕಿದ ಸಾಲಿನ ಬಾಳೆ ಮಾತ್ರ ಹಳದಿ, ಯಾಕಿರಬಹುದು?

ಪ್ರಶ್ನೆ (ಸಾಗರ ಕಡೆಯವ)

ನಮ್ಮದು ಎರಡು ಎಕರೆ ಅಡಿಕೆ ತೋಟ. ಈ ಸುಗ್ಗಿಯಲ್ಲಿ ಸುಲಿಯುವ ಮಷಿನ್ ಪಕ್ಕ ಸಿಪ್ಪೆ ಗುಡ್ಡೆ ಬಿತ್ತು. ರಸ್ತೆ ಬದಿಗೆ ಸುರಿಯಲು ಮನಸ್ಸು ಬರಲಿಲ್ಲ, ನಮ್ಮೂರ ತಿರುವಿನಲ್ಲಿ ಈಗಲೇ ಮೂಗು ಮುಚ್ಚಿಕೊಂಡು ಹೋಗಬೇಕು. ಎರಡು ಟ್ರ್ಯಾಕ್ಟರ್ ಲೋಡನ್ನು ಹಸಿಯಾಗಿಯೇ ತಂದು, ಹೊಸ ತೋಟದ ಬಾಳೆ ಬುಡಕ್ಕೆ ಗೇಣು ದಪ್ಪ ಹರಡಿಸಿದೆ. ತೇವ ಉಳಿಯುತ್ತದೆ, ಕಳೆಯೂ ಕಮ್ಮಿ ಅಂತ ನನ್ನ ಲೆಕ್ಕ.

ಶಿವರಾತ್ರಿ ಹೊತ್ತಿಗೆ ಬಾಳೆ ಹಳದಿಯಾಯಿತು. ಸಿಪ್ಪೆ ಸಾಲದೆ ಬಿಟ್ಟಿದ್ದ ಕೊನೆಯ ಸಾಲು ಮಾತ್ರ ಹಸಿರು. ಹಳೇ ಅಡಿಕೆ ಮರಗಳ ಬುಡಕ್ಕೂ ಹಾಕಿದ್ದೆ, ಅವಕ್ಕೆ ಏನೂ ಆಗಿಲ್ಲ. ಪಕ್ಕದ ಮನೆಯವರು "ಚೊಗರು ಇಳಿದು ಮಣ್ಣೇ ಕೆಟ್ಟಿತು" ಎಂದು ಹೆದರಿಸಿದ್ದಾರೆ. ಹೌದಾ?

ಉತ್ತರ 1

ಹಳದಿ ಮೊದಲು ಬಂದಿದ್ದು ಕೆಳಗಿನ ಎಲೆಗೋ, ಸುಳಿಗೋ? ಕೆಳಗಿನದಕ್ಕಾದರೆ ಸಾರಜನಕದ ಕೊರತೆ ಇರಬಹುದು. ಗಿಡ ಹಳೇ ಎಲೆಯಿಂದ ಕಿತ್ತು ಹೊಸ ಎಲೆಗೆ ಕೊಡುತ್ತದೆ.

ಅಡಿಕೆ ಸಿಪ್ಪೆ ಅಂದರೆ ಬರೀ ನಾರು. ಇಂಗಾಲ ಜಾಸ್ತಿ, ಸಾರಜನಕ ಕಮ್ಮಿ. ಅದನ್ನು ಕೊಳೆಸುವ ಸೂಕ್ಷ್ಮಜೀವಿಗಳಿಗೂ ಸಾರಜನಕ ಬೇಕಲ್ವಾ? ಸಿಪ್ಪೆಯಲ್ಲಿ ಸಿಗದಿದ್ದರೆ ಮಣ್ಣಿನಿಂದ ಎಳೆಯುತ್ತವೆ. ಮೇಲ್ಮಣ್ಣಿನಲ್ಲೇ ಬೇರು ಬಿಡುವ ಬಾಳೆಗೆ ಆ ಪೆಟ್ಟು ಬೇಗ ಗೊತ್ತಾಗುತ್ತದೆ. ಇದು ಸಾಲ ಇದ್ದ ಹಾಗೆ, ಸಿಪ್ಪೆ ಕೊಳೆತ ಮೇಲೆ ವಾಪಸ್ ಬರುತ್ತದೆ. ಮಣ್ಣು ಕೆಟ್ಟಿಲ್ಲ.

ಉತ್ತರ 2

ಸುಮ್ನೆ ಯಾಕೆ ಇಷ್ಟೆಲ್ಲ? ಒಣಗಿಸಿ ಸುಟ್ಟು ಬೂದಿ ಹಾಕಿ. ನಾವು ಮಾಡುವುದೇ ಅದು.

ಉತ್ತರ 1

ಬೂದಿಯಲ್ಲಿ ಪೊಟ್ಯಾಷ್ ಸಿಗುತ್ತದೆ, ಒಪ್ಪಿದೆ. ಇದ್ದ ಚೂರು ಸಾರಜನಕ ಮಾತ್ರ ಹೊಗೆಯಲ್ಲಿ ಹೋಯಿತು. ಊರಿಗೆಲ್ಲ ಕೆಮ್ಮು ಬೇರೆ.

ಉತ್ತರ 3 (ಶಿರಸಿ)

ನಮ್ಮ ಅತ್ತೆ ಒಣಗಿದ ಸಿಪ್ಪೆಯನ್ನು ಕೊಟ್ಟಿಗೆಗೆ ಹಾಸಿಸುತ್ತಿದ್ದರು. ದನ ತುಳಿದು, ಸಿಪ್ಪೆ ಗಂಜಲ ಹೀರಿಕೊಂಡ ಮೇಲೆ ಗೊಬ್ಬರಗುಂಡಿಗೆ. ಈಗ ನಮ್ಮಲ್ಲಿರುವುದು ಒಂದೇ ಹಸು. ಹಾಗಾಗಿ ಒಂದು ಪದರ ಸಿಪ್ಪೆ, ಮೇಲೆ ಸಗಣಿ ಬಗ್ಗಡ, ಹಸಿ ಸೊಪ್ಪು, ಮತ್ತೆ ಸಿಪ್ಪೆ ಅಂತ ಗುಡ್ಡೆ ಹಾಕುತ್ತೇವೆ. ತೆಂಗಿನ ನಾರಿನ ಪುಡಿಗೆ ಟನ್ನಿಗೆ 5 ಕೆಜಿ ಯೂರಿಯಾ ಮತ್ತು ಅಣಬೆ ಬೀಜ ಹಾಕಿ ಕೊಳೆಸುವ ಪದ್ಧತಿ ಇದೆಯಲ್ಲ, ಹೆಚ್ಚುಕಮ್ಮಿ ಅದೇ ಉಪಾಯ, ಸಾರಜನಕ ಹೊರಗಿನಿಂದ ಕೊಡುವುದು. ಒಳಗೆ ಕೈ ಹಾಕಿದರೆ ಬಿಸಿ ಇರಬಾರದು, ಸಿಪ್ಪೆ ಹಿಂಡಿದರೆ ಕಪ್ಪಗೆ ಪುಡಿಯಾಗಬೇಕು. ಅಲ್ಲಿವರೆಗೆ ಎಳೆ ಗಿಡದ ಹತ್ತಿರ ಬೇಡ.

ಪ್ರಶ್ನೆ ಕೇಳಿದವ

ಕೆಳಗಿನ ಎಲೆಗಳೇ ಮೊದಲು ಹೋಗಿದ್ದು. ನಿನ್ನೆ ಸಿಪ್ಪೆ ಸರಿಸಿ ನೋಡಿದೆ. ಅಡಿಯಲ್ಲಿ ಬಿಳಿ ನೂಲಿನಂಥ ಬೂಷ್ಟು, ಅದರ ಕೆಳಗೆ ಎರೆಹುಳುಗಳೂ ಇದ್ದವು. ಜೀವ ಬಂತು! ಬುಡದಿಂದ ಎರಡಡಿ ಆಚೆ ಎಳೆದು ಬಗ್ಗಡ ಹೊಯ್ಯಿಸಿದ್ದೇನೆ. ಹೊಸ ಸುಳಿ ಬಿಚ್ಚಿದ ಮೇಲೆ ಫೋಟೋ ಹಾಕುತ್ತೇನೆ.