ಇಂಡಿಯಾನಾಪೊಲಿಸ್ ಓವಲ್: ಇಟ್ಟಿಗೆ ಯಾಕೆ, ತಿರುವು ಹೇಗೆ?

ಪ್ರಶ್ನೆ: ಅಮೆರಿಕದ ಈ ಅಂಡಾಕಾರದ ಕಾರ್ ರೇಸ್ ಟ್ರ್ಯಾಕ್‌ಗೆ ಇಟ್ಟಿಗೆ ಹಾಸಿದ್ದು ಯಾಕೆ? ಈಗಲೂ ಇದೆಯಾ? ನಾಲ್ಕೂ ತಿರುವು ಒಂದೇ ಅಳತೆ ಅಂತಾರೆ, ಹಾಗಿದ್ರೆ ಕಷ್ಟ ಎಲ್ಲಿ?

ಉತ್ತರ 1: 1909ರಲ್ಲಿ ಮೊದಲು ಹಾಕಿದ್ದು ಜಲ್ಲಿ, ಡಾಂಬರು. ಆಗಸ್ಟ್‌ನ ಕಾರ್ ರೇಸ್‌ಗಳಲ್ಲೇ ಅದು ಕಿತ್ತು ಬಂತು. ಗುಂಡಿ ಬಿತ್ತು, ಕಲ್ಲು ಸಿಡಿಯಿತು, ಪ್ರೇಕ್ಷಕರೂ ಸೇರಿ ಹಲವರು ಸತ್ತರು. ಅದೇ ವರ್ಷ ಮರಳಿನ ಹಾಸಿನ ಮೇಲೆ ಸುಮಾರು 32 ಲಕ್ಷ ಇಟ್ಟಿಗೆ ಜೋಡಿಸಿ, ಸಂದಿಗೆ ಗಾರೆ ತುಂಬಿದರು. 1930ರ ದಶಕದಲ್ಲಿ ಡಾಂಬರು ಒಂದೊಂದೇ ಭಾಗ ಆವರಿಸುತ್ತ ಬಂತು, 1961ರಲ್ಲಿ ಉಳಿದದ್ದೂ ಮುಚ್ಚಿತು. ಈಗ ಕಾಣೋದು ಅಂತಿಮ ಗೆರೆಯಲ್ಲಿನ 3 ಅಡಿ ಪಟ್ಟಿ ಮಾತ್ರ.

ಉತ್ತರ 2: ಸುತ್ತು 2.5 ಮೈಲಿ. ಉದ್ದದ ನೇರ ದಾರಿ ಎರಡು, ತಲಾ 5/8 ಮೈಲಿ. ಗಿಡ್ಡವು ಎರಡು, ತಲಾ 1/8. ತಿರುವು ನಾಲ್ಕು, ತಲಾ 1/4. ತಿರುವಿನಲ್ಲಿ ರಸ್ತೆ ಒಳಬದಿಗೆ ವಾಲಿರುವ ಇಳಿಜಾರು 9.2 ಡಿಗ್ರಿ ಅಷ್ಟೇ. ಫ್ಲೋರಿಡಾದ ಡೇಟೋನಾ ಟ್ರ್ಯಾಕ್‌ನ 31 ಡಿಗ್ರಿ ಎಲ್ಲಿ, ಇದೆಲ್ಲಿ! ಇಲ್ಲಿ ರಸ್ತೆ ಕಾರನ್ನು ಹಿಡಿದುಕೊಳ್ಳಲ್ಲ, ಟೈರೇ ಹಿಡಿಯಬೇಕು. ಮುಂದಿನ ಕಾರಿಗೆ ಅಂಟಿಕೊಂಡು ತಿರುವಿಗೆ ನುಗ್ಗಿದರೆ ಕಾರನ್ನು ನೆಲಕ್ಕೆ ಒತ್ತುವ ಮುಂಭಾಗದ ರೆಕ್ಕೆಗೆ ಸರಿಯಾದ ಗಾಳಿ ಸಿಗದೆ ಕಾರು ಹೊರಗೋಡೆಯತ್ತ ಜಾರುತ್ತೆ. ಅಳತೆ ಒಂದೇ ಆದ್ರೂ ಗಾಳಿಯ ದಿಕ್ಕು ಪ್ರತಿ ತಿರುವಿಗೂ ಬೇರೆ.

ಉತ್ತರ 3: ಆ ಗೋಡೆ ಬಗ್ಗೆಯೂ ಹೇಳಲೇಬೇಕು. 2002ರಲ್ಲಿ ಸೇಫರ್ ಎಂಬ, ಡಿಕ್ಕಿಯ ಹೊಡೆತ ತಗ್ಗಿಸುವ ತಡೆಗೋಡೆ ಮೊದಲು ಬಂದದ್ದು ಇಲ್ಲೇ: ಮುಂದೆ ಉಕ್ಕಿನ ಚೌಕ ಕೊಳವೆಗಳು, ಹಿಂದೆ ಫೋಮ್ ಕಟ್ಟುಗಳು, ಆಮೇಲೆ ಕಾಂಕ್ರೀಟ್. ಫೋಮ್ ನಜ್ಜುಗುಜ್ಜಾಗಿ ಹೊಡೆತ ನುಂಗುತ್ತೆ.